ರಂಗಸ್ವಾಮಿ ಬಿದ್ದ ವಿಡಿಯೊ

ಹಿರೀಸಾವೆಯ ಬಸ್‌ಸ್ಟ್ಯಾಂಡಿನ ಎದುರು ಸ್ಟುಡಿಯೊ ಇಟ್ಟಿರುವ ದಿವ್ಯಾಗೆ ಗಿರಾಕಿಗಳ ಜತೆ ನಯವಾಗಿ ಮಾತಾಡಿ ಅಭ್ಯಾಸವಿಲ್ಲ. ಹಾಸನದಲ್ಲಿ ಮದುವೆ ವಿಡಿಯೊ ಎಡಿಟ್ ಮಾಡುತ್ತ ಕೆಲಸ ಕಲಿತವಳು. ಫೋಟೊಗೆ ಕೂತವರು ಸ್ವಲ್ಪ ಅಲುಗಾಡಿದರೂ ಗದರುತ್ತಾಳೆ. ಆದರೂ ಜನ ಬರುತ್ತಾರೆ. ಡಿವಿಡಿ ಮಾಡಿಕೊಡುವವರು ಈಗ ಊರಿನಲ್ಲಿ ಬೇರೆ ಯಾರೂ ಇಲ್ಲ.

ರಂಗಸ್ವಾಮಿ ಬಂದದ್ದೂ ಅದಕ್ಕೇ. ಬದು ಕಡಿದ ವಿಷಯಕ್ಕೆ ಅವನಿಗೂ ಪಕ್ಕದ ಹೊಲ ಮಾಡುವ ತಂಗಿ ಲಕ್ಕಮ್ಮನಿಗೂ ಜಗಳವಾಗಿತ್ತು. ತಂಗಿ ತನ್ನನ್ನು ನೂಕಿ ಬೀಳಿಸಿದಳೆಂದು ಅವನು ಕೇಸು ಹಾಕಿದ್ದ. ಮಗ ಸಂಜಯ್ ದೂರದಿಂದ ಫೋನಿನಲ್ಲಿ ಹಿಡಿದಿದ್ದ ವಿಡಿಯೊವನ್ನು ಡಿವಿಡಿ ಮಾಡಿಸಿ ತರುವಂತೆ ಚನ್ನರಾಯಪಟ್ಟಣದ ವಕೀಲರು ಹೇಳಿದ್ದರು. ದಿವ್ಯಾ ಮಾಡಿಕೊಟ್ಟಳು.

ಮಾರನೆಯ ಬೆಳಿಗ್ಗೆ ಅವನು ಬಂದು ಡಿವಿಡಿಯನ್ನು ಮೇಜಿನ ಮೇಲೆ ಬಿಸಾಡಿದ. ವಿಡಿಯೊ ತಡೆತಡೆದು ಓಡುತ್ತಿತ್ತು. ಲಕ್ಕಮ್ಮ ಗುದ್ದಲಿ ಹಿಡಿದು ನಿಂತಿರುತ್ತಾಳೆ, ಚಿತ್ರ ಜಿಗಿಯುತ್ತದೆ, ಅಷ್ಟರಲ್ಲಿ ಇವನು ನೆಲದ ಮೇಲಿರುತ್ತಾನೆ. ನಡುವಿನದು ಕಾಣಿಸುವುದೇ ಇಲ್ಲ.

“ನೂಕಿದ್ದ ಕಿತ್ತಾಕು ಅಂತ ಅವ್ಳು ಬಂದು ಯೋಳುದ್ಲಾ ನಿಂಗೆ?” ಎಂದ.

ದಿವ್ಯಾಗೆ ರೇಗಿತು. ಅಲ್ಲೇ ಕೂರಲು ಹೇಳಿ ಬಾಗಿಲು ಅರ್ಧ ಮುಚ್ಚಿದಳು. ಮೊದಲು ಡಿಸ್ಕಿನದೇ ತಪ್ಪಿರಬಹುದೆಂದು ಹೊಸ ಡಿಸ್ಕಿಗೆ ನಿಧಾನವಾಗಿ ಬರೆದು ನೋಡಿದಳು. ಮತ್ತೆ ಅದೇ ಜಾಗದಲ್ಲಿ ಜಿಗಿಯಿತು. ಆಮೇಲೆ ಮೂಲ ಫೈಲನ್ನೇ ತೆಗೆದು ನೋಡಿದಾಗ ವಿಷಯ ತಿಳಿಯಿತು. ಫೋನು ಒಂದು ಸೆಕೆಂಡಿನಲ್ಲಿ ಹೆಚ್ಚು, ಇನ್ನೊಂದರಲ್ಲಿ ಕಡಿಮೆ ಚಿತ್ರ ಹಿಡಿದಿತ್ತು. ಡಿವಿಡಿಗೆ ಎಲ್ಲ ಸೆಕೆಂಡಿಗೂ ಒಂದೇ ಸಮ ಇಪ್ಪತ್ತೈದು ಚಿತ್ರ ಬೇಕು. ನೇರವಾಗಿ ಬದಲಿಸುವಾಗ ಸಾಫ್ಟ್‌ವೇರು ಹೊಂದದ ಚಿತ್ರಗಳನ್ನು ಬಿಟ್ಟುಬಿಟ್ಟಿತ್ತು. ಅವಳು ಫೈಲನ್ನು ಮೊದಲು ಒಂದೇ ಲೆಕ್ಕಕ್ಕೆ ತಂದು, ಆಮೇಲೆ ಡಿವಿಡಿ ಮಾಡಿ, ದೊಡ್ಡ ಟಿವಿಗೆ ಹಾಕಿದಳು.

ಈ ಸಲ ನೀರಿನಂತೆ ಓಡಿತು. ರಂಗಸ್ವಾಮಿ ಎರಡೂ ಕೈಯಲ್ಲಿ ತಂಗಿಯ ಗುದ್ದಲಿ ಹಿಡಿದು ಎಳೆದ. ಅವಳೂ ಎಳೆದಳು. ಆಮೇಲೆ ಕೈ ಬಿಟ್ಟಳು. ಇವನು ಹಿಂದಕ್ಕೆ ವಾಲಿ ಅಂಗಾತ ಬಿದ್ದ. ಫೋನಿನ ಸಣ್ಣ ಪರದೆಯಲ್ಲಿ ಬೆರಳಷ್ಟೇ ಕಂಡಿದ್ದನ್ನು ಅವನು ತಂಗಿ ನೂಕಿದ್ದೆಂದೇ ನಂಬಿದ್ದ.

“ಇದು ಬ್ಯಾಡ. ಮದ್ಲು ಕೊಟ್ಟಿದ್ನೇ ಕೊಡು,” ಎಂದ.

“ಅದ್ರಲ್ಲಿ ಚಿತ್ರ ಬುಟ್ಟೋಗೈತೆ ರಂಗಸ್ವಾಮಣ್ಣ. ಗೊತ್ತಾದ್ಮೇಲೆ ನಾನು ಕೊಡಕ್ಕಿಲ್ಲ.” ಮೊದಲಿನ ಡಿಸ್ಕನ್ನು ಅವನ ಎದುರೇ ಎರಡು ಹೋಳು ಮಾಡಿದಳು.

ಅವನು ಹೊಸದನ್ನೂ ಮುಟ್ಟದೆ ಎದ್ದುಹೋದ. ವಕೀಲರು ಫೋನಿನ ವಿಡಿಯೊವನ್ನೇ ಕಂಪ್ಯೂಟರಿಗೆ ಹಾಕಿ ನೋಡಿ, ಕೇಸು ವಾಪಸು ತೆಗೆದುಕೋ ಎಂದರಂತೆ. ತೆಗೆದುಕೊಂಡ. ಆದರೆ ದಿವ್ಯಾ ಲಕ್ಕಮ್ಮನ ಕಡೆಯವಳೆಂದು ಹೋಟೆಲಿನಲ್ಲಿ, ಹಾಲಿನ ಡೈರಿಯಲ್ಲಿ ಹೇಳಿಕೊಂಡು ತಿರುಗಿದ.

ಅದನ್ನು ಕೇಳಿ ಲಕ್ಕಮ್ಮ ಬಂದಳು. ಆ ವಿಡಿಯೊ ತನಗೊಂದು ಬೇಕು, ಅಣ್ಣನ ಮೇಲೆ ತಾನೇ ಕೇಸು ಹಾಕುತ್ತೇನೆ ಎಂದಳು. ವಿಡಿಯೊ ರಂಗಸ್ವಾಮಿಯ ಮನೆಯದು, ಕೊಡಲಾಗದು ಎಂದಳು ದಿವ್ಯಾ.

“ಅಂಗಾರೆ ನೀನು ಅವ್ನ ಕಡೆಯೋಳೇ ಬುಡು,” ಎಂದು ಲಕ್ಕಮ್ಮ ಬಾಗಿಲಲ್ಲೇ ನೆಟಿಗೆ ಮುರಿದು ಹೋದಳು.

ಈಗ ಎರಡು ಮನೆಯವರೂ ಸ್ಟುಡಿಯೊ ಮೆಟ್ಟಿಲು ಹತ್ತುವುದಿಲ್ಲ. ಲಕ್ಕಮ್ಮನ ಮಗಳು ನಿಸರ್ಗಳ ಮದುವೆಗೆ ವಿಡಿಯೊದವರು ಚನ್ನರಾಯಪಟ್ಟಣದಿಂದ ಬಂದರು. ಅವರ ಕ್ಯಾಮೆರಾ ಬ್ಯಾಟರಿ ಇಳಿದು, ಚಾರ್ಜರ್ ಕೇಳಲು ದಿವ್ಯಾಳ ಅಂಗಡಿಗೇ ಬಂದರು. ಅವಳು ಚಾರ್ಜರ್ ಇದ್ದೂ ಇಲ್ಲವೆಂದು ಹೇಳಿ ಮುಖ ತಿರುಗಿಸಿದಳು.