ಮಸ್ಟರ್ ಎಂಬ ಮಾತಿನ ಬೇರು

೧೯೮೮ರ ಮಳೆಗಾಲದಲ್ಲಿ ನಾನು ಗೋವಾದ ವಾಸ್ಕೋದಲ್ಲಿ, ಬೆಳಗಾವಿ ಕಡೆಯ ಗುತ್ತಿಗೆದಾರರೊಬ್ಬರ ಬಳಿ ಟೈಮ್‌ಕೀಪರ್ ಆಗಿದ್ದೆ. ಬಂದರು ರಸ್ತೆಯ ಬದಿಗೆ ತಡೆಗೋಡೆ ಕಟ್ಟಲು ಆಳವಾದ ಪಾಯ ತೋಡುತ್ತಿದ್ದೆವು. ಬೆಳಿಗ್ಗೆ ಮಸ್ಟರ್ ಕರೆಯುವುದು, ಅಂದರೆ ಹೆಸರು ಕೂಗಿ ಹಾಜರಿ ಹಾಕುವುದು ನನ್ನ ಕೆಲಸ. ಉಳಿದ ಹೊತ್ತೆಲ್ಲ ಚಿಂತೆ ಮಾಡುತ್ತಿದ್ದೆ, ಅದಕ್ಕೆ ಸಂಬಳವಿರಲಿಲ್ಲ.

ಒಂದು ಮಧ್ಯಾಹ್ನ ಪಾಯದ ಒಂದು ಬದಿ ಕುಸಿಯಿತು. ಎದ್ದು ಬಂದವರನ್ನು ನಿಲ್ಲಿಸಿ ಎಲ್ಲರ ಹೆಸರು ಕೂಗಿದೆ. ಯಲ್ಲಪ್ಪ ಎಂಬ ಕೂಲಿಯೊಬ್ಬ ಮಾತ್ರ ಓಗೊಡಲಿಲ್ಲ. ಬೆಳಿಗ್ಗೆ ಹಾಜರಿದ್ದವನು ಮಣ್ಣಿನಡಿಯಲ್ಲೇ ಇರಬೇಕು. ಅವನ ಊರಿನ ಆರು ಮಂದಿ ಗುದ್ದಲಿ ಹಿಡಿದು ಇಳಿದೇಬಿಟ್ಟರು. ಎದುರು ಬದಿಯೂ ಬಿರುಕು ಬಿಡುತ್ತಿತ್ತು. ಮೇಲೆ ಬನ್ನಿ ಎಂದು ನಾನು ಗೋಗರೆದರೆ, ನಿಮ್ಮ ತಮ್ಮ ಒಳಗಿದ್ದರ ಹಿಂಗ ಕರೀತಿದ್ರೇನ್ರಿ ಎಂದು ಒಬ್ಬ ಕೇಳಿದ.

ಆಗ ಯಲ್ಲಪ್ಪನ ಜೊತೆಗಾರ ಹುಸೇನಸಾಬ ನನ್ನ ಮುಂದೆ ಬಂದು ನಿಂತ.

"ಎಲ್ಲಾರ್ನೂ ಮ್ಯಾಲೆ ಕರೀರಿ ಸಾಹೇಬ್ರ. ಯಲ್ಲಪ್ಪ ಜ್ವರ ಬಂದು ಕೊರ್ತಾಲಿಮ್ ಊರಾಗ ನಮ್ಮ ಖೋಲ್ಯಾಗ ಮಲಗ್ಯಾನ. ಮುಂಜಾನಿ ಅವನ ಹೆಸರಿಗೆ ಹಾಜರ ಅಂದಾಂವ ನಾನ ರೀ."

ಗೆಳೆಯನ ಕೂಲಿ ತಪ್ಪಬಾರದೆಂದು ಹೀಗೆ ಓಗೊಡುವ ವಾಡಿಕೆಯಿತ್ತು. ಸಿಕ್ಕಿಬಿದ್ದರೆ ಕೆಲಸ ಹೋಗುತ್ತಿತ್ತು. ಬೈದುಕೊಳ್ಳುತ್ತ ಆರೂ ಜನ ಹತ್ತಿ ಬಂದರು. ಸ್ವಲ್ಪ ಹೊತ್ತಿಗೆ ಎದುರು ಬದಿಯೂ ಕುಸಿಯಿತು.

ಸಂಜೆ ಗುತ್ತಿಗೆದಾರರು ಹುಸೇನನನ್ನು ತೆಗೆದುಹಾಕಲು ಹೇಳಿದರು. ನಮ್ಮ ಹಿರಿಯ ಸರ್ವೇಯರ್ ಮೆಂಡಿಸ್ ಸೆಮಿನರಿಯಲ್ಲಿ ಲ್ಯಾಟಿನ್ ಓದಿ, ಪಾದ್ರಿಯಾಗದೆ ಹೊರಬಂದವರು. ಅವರು ನಡುವೆ ಬಂದು, ಮಸ್ಟರ್ ಎಂಬುದರ ಮೂಲ ಲ್ಯಾಟಿನ್ನಿನ 'ಮೊನ್‌ಸ್ತ್ರಾರೆ', ಅಂದರೆ ತೋರಿಸು ಎಂದರು. ಅದು ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂತಂತೆ. ಪೋರ್ತುಗೀಸರಲ್ಲಿ ಇಂದಿಗೂ 'ಮುಶ್ತ್ರಾರ್' ಅಂದರೆ ತೋರಿಸುವುದೇ. ಹಿಂದೆ ಸೈನಿಕರು ಎದುರು ಬಂದು ಮೈ ತೋರಿಸಬೇಕಿತ್ತು. ನೀವು ಕಿವಿಯಿಂದ ಮಸ್ಟರ್ ಹಾಕುತ್ತೀರಿ, ತೆಗೆಯುವುದಾದರೆ ಆ ಪದ್ಧತಿಯನ್ನು ತೆಗೆಯಿರಿ ಎಂದರು.

ನನಗೂ ಎಲ್ಲಿಂದಲೋ ಧೈರ್ಯ ಬಂತು. "ಅಂವ ಸುಮ್ನಿದ್ದಿದ್ರ ಅವನ ಕೆಲಸ ಉಳೀತಿತ್ರಿ. ಆರು ಮಂದಿ ಉಳೀತಿರ್ಲಿಲ್ಲ."

ಗುತ್ತಿಗೆದಾರರು ತಮ್ಮ ಮಾತನ್ನು ಹಿಂತೆಗೆದುಕೊಂಡರು. ಹುಸೇನ ಉಳಿದ.

ಮರುದಿನದಿಂದ ಒಬ್ಬೊಬ್ಬರೂ ನನ್ನೆದುರು ಬಂದು ಮುಖ ತೋರಿಸಬೇಕೆಂದಾಯಿತು. ಮೊದಲ ದಿನವೇ ಯಲ್ಲಪ್ಪ ಬಂದ. ಜ್ವರ ಬಿಟ್ಟಿರಲಿಲ್ಲ; ಕಂಬಳಿ ಹೊದ್ದು, ಹುಸೇನನ ಹೆಗಲು ಹಿಡಿದು, ನಡುಗುತ್ತ ನಿಂತ.

"ನೋಡ್ಕೊಳ್ರಿ ಸಾಹೇಬ್ರ, ಬಂದೇನಿ."

ಸುಳ್ಳು ಹಾಜರಿ ನಿಲ್ಲಿಸುವುದನ್ನು ನಾನು ಒಂದೇ ದಿನದಲ್ಲಿ ಕಲಿತಿದ್ದೆ. ಆ ಸುಳ್ಳು ಅವರಿಗೆ ಯಾಕೆ ಬೇಕಾಗಿತ್ತು ಎಂಬುದು ಆ ಮುಖ ನೋಡಿದಾಗ ತಿಳಿಯಿತು.