ಮುಕ್ತಾಬಾಯಿಯ ಎರಡು ದಂಡೆ

ಮುಕ್ತಾಬಾಯಿ ಹುಟ್ಟಿದ್ದು ತುರೋರಿಯಲ್ಲಿ, ಕೊಟ್ಟದ್ದು ನೀಲಂಗಾ ಕಡೆಯ ಸಾವಳವಾಡಿಗೆ. ತಾಯಿ ಸತ್ತಾಗ ಅವಳೇ ಇನ್ನೂ ಪರಕಾರ ಲಂಗ ತೊಡುವ ಹುಡುಗಿ, ಸೊಂಟದ ಮೇಲೆ ತಂಗಿ ಕುಸುಮ. ರೊಟ್ಟಿ ಬಡಿಯುವುದು, ಎಮ್ಮೆ ಹಿಂಡುವುದು, ತಂಗಿಯ ತಲೆ ಬಾಚುವುದು, ಮಾತು ಕೇಳದಿದ್ದರೆ ಅದೇ ಬಾಚಣಿಕೆಯಿಂದ ಬೆನ್ನಿಗೆ ಕೊಡುವುದು, ಎಲ್ಲವೂ ಅವಳ ಪಾಲಿಗೇ ಬಂತು. ಮುಂದೆ ಕುಸುಮ ಚೆಲುವೆಯಾಗಿ ಬೆಳೆದಳು. ಉದಗೀರದಲ್ಲಿ ಬಟ್ಟೆಯ ಅಂಗಡಿಯಿದ್ದ ವಿಶ್ವನಾಥಪ್ಪ ಅವಳನ್ನು ಮಾಡಿಕೊಂಡ. ಅವನ ಹಿರಿಯರದೊಂದು ಮೋಸಂಬಿ ತೋಟ ಸಾವಳವಾಡಿಯಲ್ಲೇ ಇತ್ತು, ಮುಕ್ತಾಬಾಯಿಯ ಹೊಲಕ್ಕೆ ಹತ್ತಿಕೊಂಡು. ಮುಕ್ತಾಬಾಯಿಯ ಗಂಡ ರೇವಣಪ್ಪ ಲಿಂಗಪೂಜೆ ತಪ್ಪಿಸದ, ಜಗಳಕ್ಕೆ ಹೋಗದ ಮನುಷ್ಯ. ಮನೆಯಲ್ಲಿ ಜಗಳಾಡುವ ಕೆಲಸವೆಲ್ಲ ಹೆಂಡತಿಯ ಮೇಲೆಯೇ ಬಿದ್ದಿತ್ತು, ಆಕೆ ಅದರಲ್ಲಿ ಎಂದೂ ಕೊರತೆ ಮಾಡಲಿಲ್ಲ.

ರಜಾಕಾರರ ಗದ್ದಲದ ವರ್ಷ ವಿಶ್ವನಾಥಪ್ಪ ಅಂಗಡಿಯ ಬಟ್ಟೆಯ ಗಂಟುಗಳನ್ನು ಬಂಡಿಯಲ್ಲಿ ಹುಲ್ಲಿನಡಿ ಮುಚ್ಚಿ ತಂದು ಅವಳ ನೆಲದೊಳಗಿನ ಜೋಳದ ಹಗೇವಿನಲ್ಲಿ ಇಳಿಸಿದ. ಹೆಂಡತಿ ಮಕ್ಕಳನ್ನು ಕರೆದುಕೊಂಡು ಸೊಲ್ಲಾಪುರಕ್ಕೆ ಹೋದ. ಪೊಲೀಸ್ ಆ್ಯಕ್ಷನ್ ಆಗುವವರೆಗೂ ಮುಕ್ತಾಬಾಯಿ ಆ ಹಗೇವಿನ ಬಾಯಿಯ ಮೇಲೆ ಕಂಬಳಿ ಹಾಸಿ, ಕುಡಗೋಲು ಪಕ್ಕಕ್ಕಿಟ್ಟುಕೊಂಡು ಮಲಗಿದಳು. ಒಂದು ಗಂಟೂ ಹೋಗಲಿಲ್ಲ. ವಿಶ್ವನಾಥಪ್ಪ ಬಂದು ಎಲ್ಲ ಒಯ್ದ, ಅವಳಿಗೊಂದು ಇಳಕಲ್ ಸೀರೆ ಕೊಟ್ಟ. ಅವಳು ಅದನ್ನು ಉಟ್ಟಾಗಲೆಲ್ಲ, ಯಾರ ಮದುವೆಯಾಗಲಿ, ಯಾರ ಅಯ್ಯಾಚಾರದ ದೀಕ್ಷೆಯಾಗಲಿ, ನಾಲ್ಕು ಹೆಂಗಸರು ಕೂಡಿದಲ್ಲಿ ಆ ಗಂಟಿನ ಕಥೆ ಹೇಳುತ್ತಿದ್ದಳು. ತಾನು ಇಲ್ಲದಿದ್ದರೆ ತಂಗಿಯ ಗಂಡ ಇವತ್ತು ಯಾರದೋ ಅಂಗಡಿಯಲ್ಲಿ ಗಜ ಹಿಡಿದು ಅರಿವೆ ಅಳೆಯುತ್ತಿದ್ದ ಎಂದು ಮುಗಿಸುತ್ತಿದ್ದಳು. ಕುಸುಮ ಎದುರಿಗೇ ಕುಳಿತಿದ್ದರೂ ಹೇಳುತ್ತಿದ್ದಳು.

ಆಮೇಲೆ ಕಾಲುವೆ ಬಂತು. ಹಳ್ಳಕ್ಕೆ ಒಡ್ಡು ಕಟ್ಟಿ ಸರಕಾರ ನೀರು ತಿರುಗಿಸಿತು. ಮೊದಲು ಸುಣ್ಣದ ಗೆರೆ ಎಳೆದದ್ದು ವಿಶ್ವನಾಥಪ್ಪನ ತೋಟದ ನಡುವೆ. ಸುಗ್ಗಿ ಮುಗಿಯುವುದರೊಳಗೆ ಆ ಗೆರೆ ತೋಟದ ಅಂಚು ಸವರಿಕೊಂಡು, ಬಳಸಿ ಬಂದು, ಮುಕ್ತಾಬಾಯಿಯ ಹೊಲವನ್ನು ಸರಿಯಾಗಿ ಎರಡು ಹೋಳು ಮಾಡಿ ಹೋಯಿತು. ಬಾವಿ, ಕೊಟ್ಟಿಗೆ ಈಚೆ. ಕಣ, ಬಣವೆ ಆಚೆ. ಅಗೆದ ಮಣ್ಣು ಎರಡೂ ಕಡೆ ಏರಿಯಾಯಿತು. ನಡುವೆ ಆಳೆತ್ತರದ ಕಾಲುವೆ. ಏರಿಯ ಮೇಲಿನ ದಾರಿ ಸರಕಾರದ್ದು, ಏರಿ ಇಳಿದರೆ ಎರಡೂ ಕಡೆ ಮುಕ್ತಾಬಾಯಿಯದು. ದಾಟಲು ಸೇತುವೆ ಅರ್ಧ ಹರದಾರಿ ಆಚೆ. ಮೇವಿನ ಹೊರೆ ತಲೆಯ ಮೇಲಿಟ್ಟು ಅಷ್ಟು ಸುತ್ತಿ ಬರಬೇಕು, ಇಲ್ಲ ನೀರು ಕಡಿಮೆಯಾದಾಗ ಸೊಂಟದವರೆಗಿನ ಕೆಸರುನೀರಿನಲ್ಲಿ ದಾಟಬೇಕು. ಮೊದಲ ವರ್ಷವೇ ಅವಳ ಗಬ್ಬದ ಆಕಳು ಏರಿಯಿಂದ ಜಾರಿ ನೀರಿಗೆ ಬಿದ್ದು, ಮೇಲೆ ಹತ್ತಲಾರದೆ ಸತ್ತಿತು. ಒಂದು ಕಾಲುದಾರಿಯ ಸೇತುವೆ ಕಟ್ಟಿಕೊಡಿ ಎಂದು ರೇವಣಪ್ಪ ಹೈದರಾಬಾದಿಗೆ ಉರ್ದುವಿನಲ್ಲಿ ಅರ್ಜಿ ಬರೆಸಿದ. ಅಷ್ಟರಲ್ಲಿ ತಾಲೂಕು ಬೀದರ ಜಿಲ್ಲೆಯಿಂದ ಕಿತ್ತು ಮುಂಬಯಿ ರಾಜ್ಯಕ್ಕೆ ಹೋಯಿತು. ಮರಾಠಿಯಲ್ಲಿ ಬರೆಸಿದ. ಅವರೂ ಸುಮ್ಮನಿದ್ದರು.

ಗೆರೆಯನ್ನು ಬಗ್ಗಿಸಿದವನು ವಿಶ್ವನಾಥಪ್ಪ, ಇದರಲ್ಲಿ ಮುಕ್ತಾಬಾಯಿಗೆ ಸಂಶಯವಿರಲಿಲ್ಲ. ಕಾಲುವೆಯ ಓವರ್ಸಿಯರ್ ಸಾಹೇಬ ಉದಗೀರದಲ್ಲಿ ಅವನ ಮನೆಯಲ್ಲೇ ಉಣ್ಣುತ್ತಿದ್ದ. ಅವಳು ಇಳಕಲ್ ಸೀರೆಯನ್ನು ಹರಿದು ಎತ್ತಿನ ಮೈ ಒರೆಸಲು ಹಾಕಿದಳು. ತಂಗಿಯ ಮನೆಗೆ ಹೋಗುವುದನ್ನು ಬಿಟ್ಟಳು. ಇಷ್ಟಕ್ಕೇ ನಿಂತಿದ್ದರೆ ಉಳಿದ ಆಯುಷ್ಯ ಬೈದುಕೊಂಡೇ ಕಳೆಯುತ್ತಿತ್ತೇನೋ. ಆದರೆ ವಿಶ್ವನಾಥಪ್ಪ ಒಂದು ದೋಣಿ ಮಾಡಿಸಿದ.

ಸಾಗವಾನಿ ಹಲಗೆಯ ಚಪ್ಪಟೆ ತಳದ ದೋಣಿ. ಹೊರಗೆ ನೀಲಿ ಬಣ್ಣ, ಮೇಲೆ ಅಂಗಡಿಯದೇ ಛೀಟಿನ ಬಟ್ಟೆಯ ಚಪ್ಪರ, ಕೂರಲು ಗಾದಿ. ಮಾಂಜ್ರಾ ಹೊಳೆಯಲ್ಲಿ ದೋಣಿ ನಡೆಸುತ್ತಿದ್ದ ಬಕ್ಕಪ್ಪನನ್ನು ಕರೆಸಿ, ಕೈಗೆ ಬಿದಿರಿನ ಗಳ ಕೊಟ್ಟ. ತೋಟದ ಅಂಚಿಗೆ ಕಲ್ಲಿನ ಮೆಟ್ಟಿಲು ಕಟ್ಟಿಸಿದ. ರವಿವಾರ ಬಂತೆಂದರೆ ಉದಗೀರದಿಂದ ಮೋಟಾರಿನಲ್ಲಿ ಮಂದಿ ಬರುತ್ತಿದ್ದರು. ದೋಣಿ ತೋಟದ ಮೆಟ್ಟಿಲಿನಿಂದ ಹೊರಟು, ಮುಕ್ತಾಬಾಯಿಯ ಹೊಲದ ನಡುವೆ ಹಾಯ್ದು, ಒಡ್ಡಿನವರೆಗೆ ಹೋಗಿ ಬರುತ್ತಿತ್ತು. ಅದರಲ್ಲಿ ಗ್ರಾಮೋಫೋನು ಹಾಡುತ್ತಿತ್ತು. ಮೋಸಂಬಿ ಸಿಪ್ಪೆ, ಕಬ್ಬಿನ ಚರಟ ನೀರಿನ ಮೇಲೆ ತೇಲಿ ಅವಳ ಎಮ್ಮೆ ನೀರು ಕುಡಿಯುವಲ್ಲಿಗೆ ಬರುತ್ತಿದ್ದವು. ಹೊರೆ ಹೊತ್ತು ಏರಿಯ ಮೇಲೆ ನಡೆಯುವಾಗ ದೋಣಿ ಪಕ್ಕದಲ್ಲೇ ಅವಳ ನಡಿಗೆಯ ವೇಗಕ್ಕೇ ಬರುತ್ತಿತ್ತು. ಒಳಗೆ ಕುಸುಮಬಾಯಿ ಗಾದಿಗೆ ಒರಗಿ ಕುಳಿತಿರುತ್ತಿದ್ದಳು. ಅಕ್ಕ ತಂಗಿ ಒಬ್ಬರನ್ನೊಬ್ಬರು ನೋಡುತ್ತಿದ್ದರು.

ಸೀತನಿ ಸುಡುವ ಹಂಗಾಮಿನಲ್ಲಿ ಒಂದು ದಿನ ದೋಣಿಯವರು ಏರಿಗೆ ಹತ್ತಿ, ಅವಳ ಜೋಳದ ಹಾಲುತೆನೆಗಳನ್ನು ಮುರಿದುಕೊಂಡು, ದೋಣಿಯಲ್ಲೇ ಇದ್ದಿಲ ಶೇಗಡಿಯ ಮೇಲೆ ಸುಟ್ಟು ತಿಂದರು. ಮುಕ್ತಾಬಾಯಿ ಆಚೆ ದಂಡೆಯಲ್ಲಿದ್ದಳು. ಕೂಗಿದಳು. ಗ್ರಾಮೋಫೋನಿನ ಸದ್ದಿನಲ್ಲಿ ಅವರಿಗೆ ಕೇಳಲಿಲ್ಲವೋ, ಕೇಳಿಯೂ ನಕ್ಕರೋ, ಬಾಯಿ ಅಲುಗಿದ್ದು ಮಾತ್ರ ಅವಳಿಗೆ ಕಂಡಿತು. ನಡುವೆ ನೀರು. ಸುತ್ತಿ ಬರುವುದರೊಳಗೆ ದೋಣಿ ಹೋಗಿತ್ತು. ಸುಟ್ಟ ತೆನೆಯ ದಂಟುಗಳು ಏರಿಯ ಮೇಲೆ ಬಿದ್ದಿದ್ದವು.

ಅವಳು ಅವಸರ ಮಾಡಲಿಲ್ಲ. ನೀರಿನ ಪಾಳಿ ಯಾವಾಗ ಮುಗಿಯುತ್ತದೆ, ಒಡ್ಡಿನ ಬಾಗಿಲು ಯಾವಾಗ ಹಾಕುತ್ತಾರೆ ಎನ್ನುವುದು ಹೊಲದವರಿಗೆಲ್ಲ ಗೊತ್ತಿರುವ ಸಂಗತಿ. ಶಿಮಗಾದ ಹೋಳಿ ಕಳೆದ ಮೇಲೆ ಒಂದು ಪಾಳಿ ಮುಗಿಯುವುದು ರವಿವಾರವೇ ಬಂತು. ದೋಣಿ ಮೇಲಕ್ಕೆ ಹೋಗುವವರೆಗೆ ಸುಮ್ಮನೆ ಕುಳಿತಳು. ಆಮೇಲೆ ರೇವಣಪ್ಪನನ್ನೂ ಇಬ್ಬರು ಕೂಲಿಯವರನ್ನೂ ಹಚ್ಚಿ, ಹೊರೆಗಟ್ಟಲೆ ಜಾಲಿಮುಳ್ಳು ತಂದು ಹೊಲದ ಕೆಳಗಿನ ಬದುವಿನ ಹತ್ತಿರ ಕಾಲುವೆಗೆ ಅಡ್ಡ ಹಾಕಿದಳು. ಎರಡೂ ಏರಿಯ ಮೇಲಿನ ದಾರಿಗೂ ಹಾಕಿದಳು. ಗಂಡ ಇದು ಬೇಡ ಎಂದ. ಬೇಡವಾದರೆ ಮನೆಗೆ ಹೋಗಿ ಪೂಜೆ ಮಾಡು ಎಂದಳು. ಅವನು ಹೋಗಲಿಲ್ಲ, ಬೇವಿನ ಕೆಳಗೆ ಕುಳಿತ.

ಹೊತ್ತು ನೆತ್ತಿಗೆ ಬಂದಾಗ ದೋಣಿ ಒಡ್ಡಿನ ಕಡೆಯಿಂದ ಇಳಿದು ಬಂತು. ಅದರಲ್ಲಿ ವಿಶ್ವನಾಥಪ್ಪ, ಕುಸುಮ, ಓವರ್ಸಿಯರ್ ಸಾಹೇಬ, ಅವನ ಹೆಂಡತಿ, ಗಳ ಹಿಡಿದ ಬಕ್ಕಪ್ಪ. ದೋಣಿ ಮುಳ್ಳಿಗೆ ತಾಗಿ ನಿಂತಿತು. ತಿರುಗಿ ಹೋಗೋಣವೆಂದರೆ ಅಷ್ಟರಲ್ಲಿ ಕೂಲಿಯವರು ಮೇಲಿನ ಕಡೆಯೂ ಕಾಲುವೆಗೆ, ಏರಿಯ ದಾರಿಗೆ ಮುಳ್ಳು ಹಾಕಿದ್ದರು. ಬಕ್ಕಪ್ಪ ನೀರಿಗಿಳಿದು ಮುಳ್ಳಿಗೆ ಕೈ ಹಾಕಿದ. ಮುಕ್ತಾಬಾಯಿ ಏರಿಯ ಮೇಲೆ ಕುಡಗೋಲು ಹಿಡಿದು ನಿಂತಿದ್ದಳು.

“ಬಕ್ಕಪ್ಪಾ, ನಿನ್ನ ಮ್ಯಾಲ ನಂದೇನೂ ಸಿಟ್ಟಿಲ್ಲ. ಮುಳ್ಳ ಮುಟ್ಟಬ್ಯಾಡ,” ಎಂದಳು.

ಬಕ್ಕಪ್ಪ ಕುಡಗೋಲು ನೋಡಿದ, ಧಣಿಯ ಮುಖ ನೋಡಿದ, ಕೈ ತೆಗೆದ. ಓವರ್ಸಿಯರ್ ಎದ್ದು ನಿಂತು, ನೀರು ಸರಕಾರದ್ದು, ಏರಿ ಸರಕಾರದ್ದು, ನೀಲಂಗಾದಿಂದ ಪೊಲೀಸರನ್ನು ಕರೆಸುತ್ತೇನೆ ಎಂದು ಮರಾಠಿಯಲ್ಲಿ ಹೇಳಿದ.

“ಏರಿ ಸರಕಾರದ್ದೇ ಇರ್ಲಿ ಸಾಹೇಬ. ಏರಿ ಮ್ಯಾಲ ಬಂದು ನಿಂದರ್ರಿ. ಕೆಳಗ ಹೆಜ್ಜಿ ಇಟ್ರ ನನ್ನ ಹೊಲ. ಆ ಕಡೀನೂ ನಂದೇ, ಈ ಕಡೀನೂ ನಂದೇ. ನೀವೇ ಹಂಗ ಮಾಡೀರಿ.”

ಅವರು ದೋಣಿಯಲ್ಲೇ ಕುಳಿತರು. ವಿಶ್ವನಾಥಪ್ಪ ಮೊದಲು ನಕ್ಕು ಮಾತಾಡಿಸಿದ, ಅಕ್ಕಾ ಎಂದ. ಆಮೇಲೆ ಬೈದ. ಆಮೇಲೆ ಧೋತರದ ಅಂಚಿನಿಂದ ಮುಖ ಒರೆಸಿಕೊಂಡು ಕುಳಿತ. ಬಿಸಿಲು ಚಪ್ಪರದ ಛೀಟನ್ನು ಹಾಯ್ದು ಬರುತ್ತಿತ್ತು. ಒಡ್ಡಿನ ಬಾಗಿಲು ಹಾಕಿಯಾಗಿತ್ತು. ನೀರು ಸದ್ದಿಲ್ಲದೆ ಇಳಿಯತೊಡಗಿತು. ಮೊದಲು ಏರಿಯ ಬದಿಗೆ ಒದ್ದೆಯ ಪಟ್ಟೆ ಕಂಡಿತು, ಅದು ಅಗಲವಾಯಿತು, ಕಡೆಗೆ ದೋಣಿಯ ತಳ ಕೆಸರಿಗೆ ಕೂತು ಒಂದು ಕಡೆಗೆ ವಾಲಿತು. ಗ್ರಾಮೋಫೋನು ಜಾರಿ ಕೆಸರಿಗೆ ಬಿತ್ತು. ಸಾಹೇಬನ ಹೆಂಡತಿ ಅಳಲು ಹತ್ತಿದಳು. ಮುಕ್ತಾಬಾಯಿಗೆ ಅದು ಹಿತವಾಯಿತು. ಸುಳ್ಳು ಯಾಕೆ, ತುಂಬ ಹಿತವಾಯಿತು.

ಆಗ ಅವಳು ತಂಗಿಯನ್ನು ನೇರವಾಗಿ ಕೇಳಿದಳು. “ಕಾಲುವಿ ಗೆರಿ ನಿನ್ನ ಗಂಡ ಬಗ್ಗಸ್ಯಾನೋ ಇಲ್ಲೋ? ಖರೆ ಹೇಳು, ಈಗ ಮುಳ್ಳ ತಗೀತೀನಿ.”

ವಿಶ್ವನಾಥಪ್ಪ ಬಾಯಿ ತೆರೆಯುವ ಮೊದಲೇ ಕುಸುಮಬಾಯಿ ಎದ್ದು ನಿಂತಳು. ವಾಲಿದ ದೋಣಿಯಲ್ಲಿ ಚಪ್ಪರದ ಗೂಟ ಹಿಡಿದುಕೊಂಡು ಹೇಳಿದಳು.

“ಅವರಿಗಿ ಏನ್ ಗೊತ್ತು. ಅವರು ತ್ವಾಟ ಹೋದ್ರ ಹೋಗ್ಲಿ ಅಂದಿದ್ರು. ಸಾಹೇಬರ ಹೆಂಡ್ತೀಗಿ ಹೇಳಿ ನಾ ಬಗ್ಗಸೀನಿ.”

“ನೀ?”

“ಹೂಂ, ನಾ. ಆ ಗಂಟಿನ ಸುದ್ದಿ ಎಷ್ಟ ಮಂದಿ ಮುಂದ ಹೇಳೀದಿ ನೀ? ನನ್ನ ಅತ್ತಿ ಮುಂದ, ನೆಗೆಣ್ಯಾರ ಮುಂದ, ನನ್ನ ಮಗಳ ಬೀಗರ ಮುಂದ. ನನ್ನ ಗಂಡ ತಲಿ ಕೆಳಗ ಹಾಕಿ ಉಣ್ತಿದ್ರು. ಸಣ್ಣಾಕಿದ್ದಾಗ ಬಾಚಣಿಗಿಲೆ ಹೊಡೀತಿದ್ದಿ, ದೊಡ್ಡಾಕಿ ಆದ ಮ್ಯಾಲ ಉಪಕಾರಲೆ ಹೊಡದಿ. ಒಂದ್ ಸಲ ನಾನೂ ಹೊಡದೆ.”

ಇಷ್ಟು ವರ್ಷ ತಂಗಿಯ ಗಂಡನ ಮೇಲೆ ಹೊರಿಸಿದ್ದ ಸಿಟ್ಟನ್ನು ಒಮ್ಮೆಲೇ ಎಲ್ಲಿಡಬೇಕೆಂದು ಮುಕ್ತಾಬಾಯಿಗೆ ತಿಳಿಯಲಿಲ್ಲ. ತಾನೇ ಸಾಕಿದ ಹುಡುಗಿ. ಅವಳ ಮಾತಿನಲ್ಲಿ ನಿಜವಿತ್ತು, ಅದು ಇನ್ನೂ ಉರಿಸಿತು. ಕುಡಗೋಲಿನಿಂದಲೇ ಏರಿಯ ಮೇಲಿನ ಮುಳ್ಳನ್ನು ಎಳೆದು ಪಕ್ಕಕ್ಕೆ ಹಾಕಿದಳು.

“ಹೋಗು. ಇವತ್ತಿನಿಂದ ನನಗ ತಂಗಿ ಇಲ್ಲ,” ಎಂದಳು.

“ನನಗ ಅಕ್ಕ ಯಾವಾಗ ಇದ್ಲು?” ಎಂದಳು ಕುಸುಮಬಾಯಿ. ಸೀರೆ ಮೇಲೆತ್ತಿ ಕೆಸರಿಗಿಳಿದಳು, ಮೊಳಕಾಲು ಹೂತರೂ ಯಾರ ಕೈಯನ್ನೂ ಹಿಡಿಯದೆ ಏರಿ ಹತ್ತಿದಳು, ಅಕ್ಕನ ಪಕ್ಕದಿಂದಲೇ ಹಾಯ್ದು ಹೋದಳು. ಉಳಿದವರು ಹಿಂದೆ ಹೋದರು.

ಪೊಲೀಸರು ಬಂದರು, ರೇವಣಪ್ಪನನ್ನು ನೀಲಂಗಾಕ್ಕೆ ಕರೆದೊಯ್ದು ಒಂದು ದಿನ ಕೂರಿಸಿ ಬಿಟ್ಟರು. ಓವರ್ಸಿಯರ್ ದೂರನ್ನು ಮುಂದೆ ಒಯ್ಯಲಿಲ್ಲ, ಒಯ್ದಿದ್ದರೆ ಬಗ್ಗಿದ ಗೆರೆಯ ಮಾತೂ ಬರುತ್ತಿತ್ತು. ದೋಣಿ ಅಲ್ಲೇ ಕೆಸರಲ್ಲಿ ಉಳಿಯಿತು. ಮುಂದಿನ ಪಾಳಿಯ ನೀರು ಬಂದಾಗ ಎದ್ದು ತೇಲಿತು. ಮುಕ್ತಾಬಾಯಿ ಚಪ್ಪರ ಕಿತ್ತು ಒಗೆದು, ಹಗ್ಗ ಬಿಗಿದು ಜಾಲಿಯ ಬೊಡ್ಡೆಗೆ ಕಟ್ಟಿದಳು. ವಿಶ್ವನಾಥಪ್ಪ ಬಕ್ಕಪ್ಪನನ್ನು ಕಳಿಸಿ ದೋಣಿ ಕೇಳಿದ. ನನ್ನ ಸತ್ತ ಆಕಳನ್ನು ಎಬ್ಬಿಸಿ ಕಳಿಸಲಿ, ದೋಣಿ ಕಳಿಸುತ್ತೇನೆ ಎಂದು ಹೇಳಿ ಕಳಿಸಿದಳು. ಅವನು ಮತ್ತೆ ಕೇಳಲಿಲ್ಲ.

ಮೇವು, ಗೊಬ್ಬರ, ಜೋಳದ ಚೀಲ, ಕರುಗಳು, ಎಲ್ಲ ಆ ನೀಲಿ ದೋಣಿಯಲ್ಲಿ ದಾಟತೊಡಗಿದವು. ಗಳ ಹಾಕುವುದನ್ನು ತಾನೇ ಕಲಿತಳು. ಮೊದಮೊದಲು ದೋಣಿ ಗಿರಿಗಿರಿ ತಿರುಗುತ್ತಿತ್ತು, ಬೈಯುತ್ತಿದ್ದಳು. ಆಮೇಲೆ ಕೈಗೆ ಬಂತು. ಒಂದು ಮಧ್ಯಾಹ್ನ ಹೊರೆ ಇಳಿಸಿ ಬರಿಗೈಯಲ್ಲಿ ಬರುವಾಗ ದಣಿದು, ಗಳವನ್ನು ಅಡ್ಡ ಇಟ್ಟು ಹಲಗೆಯ ಮೇಲೆ ಅಡ್ಡಾದಳು. ದೋಣಿ ತನ್ನಷ್ಟಕ್ಕೆ ಹೋಯಿತು. ಬೆನ್ನ ಕೆಳಗೆ ನೀರು ಲೊಚಗುಟ್ಟುತ್ತಿತ್ತು. ಏರಿಯ ಮೇಲಿನ ಕುಸುಬಿಯ ಹೂವು ತಲೆಯ ಕಡೆಯಿಂದ ಕಾಲಿನ ಕಡೆಗೆ ತಾನೇ ನಡೆದು ಹೋಗುತ್ತಿತ್ತು. ಹುಟ್ಟಿದಾಗಿನಿಂದ ಕಾಲು ಎಳೆಯದೆ ಎಲ್ಲಿಗೂ ಹೋದವಳಲ್ಲ ಅವಳು. ಇಷ್ಟು ಸುಖ ತಂಗಿಗೆ ವಾರಕ್ಕೊಮ್ಮೆ ಇತ್ತು ಎಂದು ಹೊಳೆದಾಗ ಎದ್ದು ಕುಳಿತಳು, ಗಳವನ್ನು ಕೆಸರಿಗೆ ಒತ್ತಿ ದೋಣಿಯನ್ನು ದಂಡೆಗೆ ನೂಕಿದಳು. ಆದರೂ ಮರುದಿನ ಮತ್ತೆ ಅಡ್ಡಾದಳು.

ಆ ಮೇಲೆ ಅದು ರೂಢಿಯಾಯಿತು. ರವಿವಾರ ಕೆಲಸ ಮುಗಿಸಿ, ತಲೆಗೆ ಎಣ್ಣೆ ಹಚ್ಚಿಕೊಂಡು, ಹುರಿದ ಕಡಲೆ ಉಡಿಯಲ್ಲಿ ಕಟ್ಟಿಕೊಂಡು ಒಬ್ಬಳೇ ದೋಣಿ ಬಿಡುತ್ತಿದ್ದಳು. ತೋಟದ ಮೆಟ್ಟಿಲಿನವರೆಗೆ ಹೋಗಿ, ಅಲ್ಲಿ ಬೇಕೆಂದೇ ನಿಧಾನಿಸಿ, ಕಡಲೆ ತಿಂದು, ತಿರುಗುತ್ತಿದ್ದಳು. ರೇವಣಪ್ಪ ಒಮ್ಮೆ ತಾನೂ ಬರಲೇ ಎಂದು ಕೇಳಿದ. ತೂಕ ಹೆಚ್ಚಾಗುತ್ತದೆ ಎಂದಳು.

ಮಹಾರಾಷ್ಟ್ರ ರಾಜ್ಯ ಆದ ವರ್ಷ, ಅದಕ್ಕಾಗಿ ಊರಲ್ಲಿ ಪೇಡೆ ಹಂಚಿದ ಮರುವಾರ, ತುರೋರಿಯಲ್ಲಿ ತವರಿನ ಕಡೆಯ ಮದುವೆಯಿತ್ತು. ಮುನಿಸು ತಿಳಿಯದೆ ಅಕ್ಕ ತಂಗಿಯರನ್ನು ಒಂದೇ ಪಂಕ್ತಿಯಲ್ಲಿ ಕೂರಿಸಿದರು, ನಡುವೆ ಕುಳಿತವರು ತವರೂರಿನ ಮುದುಕಿ ರಂಭಾಬಾಯಿ ಒಬ್ಬರೇ. ಬಡಿಸುವವರು ಹುಗ್ಗಿ ತಂದರು. ರಂಭಾಬಾಯಿ ಕುತೂಹಲಕ್ಕೆ ಮುಕ್ತಾಬಾಯಿಯ ಕಡೆ ತಿರುಗಿ, ನೀ ದೋಣ್ಯಾಗ ಹೋಗ್ತಿ ಅಂತಲ್ಲವ್ವ, ಅಂಜಿಕಿ ಬರೂದಿಲ್ಲೇನು ಎಂದು ಕೇಳಿದರು. ಗಂಟಿನ ಕಥೆ ಹೇಳುತ್ತಿದ್ದ ಅದೇ ದನಿಯಲ್ಲಿ, ಪಂಕ್ತಿಯ ಕಡೆಯವರೆಗೂ ಕೇಳುವ ಹಾಗೆ ಮುಕ್ತಾಬಾಯಿ ಹೇಳತೊಡಗಿದಳು. ನೀರು ತಂಪು, ಗಾಳಿ ತಂಪು, ಸಾಗವಾನಿ ಹಲಗೆ ಎಷ್ಟು ಗಟ್ಟಿ ಎಂದರೆ ಇಂಥ ದೋಣಿ ಈ ಸೀಮೆಯಲ್ಲಿ ಇನ್ನೊಂದಿಲ್ಲ ಎಂದಳು.

ಕುಸುಮಬಾಯಿ ಎಲೆಯ ಮುಂದಿನಿಂದ ಎದ್ದಳು. ಹುಗ್ಗಿ ಮುಟ್ಟಿರಲಿಲ್ಲ. ಹೋಗುವಾಗ ಅಕ್ಕನ ಎಲೆಯ ಅಂಚಿಗಿದ್ದ ನೀರಿನ ತಂಬಿಗೆ ಅವಳ ಸೀರೆಯ ನೆರಿಗೆ ತಾಗಿ ಉರುಳಿತು. ಬೇಕೆಂದೇ ಉರುಳಿಸಿದ್ದೋ ಏನೋ, ಯಾರಿಗೂ ಹೇಳಲಾಗಲಿಲ್ಲ. ಮುಕ್ತಾಬಾಯಿ ನೆನೆದ ಎಲೆಯನ್ನು ಒಮ್ಮೆ ನೋಡಿದಳು, ಬಡಿಸುವವನನ್ನು ಕರೆದು ಹೊಸ ಎಲೆ ಹಾಕಿಸಿಕೊಂಡಳು, ಮಾತನ್ನು ಬಿಟ್ಟ ಕಡೆಯಿಂದಲೇ ಮುಂದುವರಿಸಿದಳು.