ಅಪ್ಪನ ಪಕ್ಕದ ಎಲೆ

ಕೊಳ್ಳೇಗಾಲದ ಕಾಲೇಜೊಂದರಲ್ಲಿ ನಾನು ಮಹಾಕಾವ್ಯಗಳ ಪಾಠ ಹೇಳುತ್ತೇನೆ. ವೀರರು ಸತ್ತವರ ಲೋಕಕ್ಕೆ ಇಳಿಯುವ ಭಾಗ ಬಂದಾಗ ಮಾತ್ರ ತರಗತಿ ಸುಮ್ಮನಾಗುತ್ತದೆ. ಕಡಲಲ್ಲಿ ದಾರಿ ತಪ್ಪಿದ ಅರಸನೊಬ್ಬ ಊರಿಗೆ ಹೋಗುವ ಬಗೆ ಕೇಳಲು ಆ ಲೋಕದ ಅಂಚಿಗೆ ಹೋಗುತ್ತಾನೆ. ಗುಂಡಿ ತೋಡಿ ಕುರಿಯ ರಕ್ತ ಸುರಿಯುತ್ತಾನೆ. ಅದನ್ನು ಕುಡಿಯಲು ಮುತ್ತಿಕೊಂಡ ಸತ್ತವರನ್ನು ಕತ್ತಿ ಹಿಡಿದು ತಡೆಯುತ್ತಾನೆ; ತನಗೆ ಬೇಕಾದವರನ್ನು ಮಾತ್ರ ಹತ್ತಿರ ಬಿಡುತ್ತಾನೆ. ಇನ್ನೊಂದು ನಾಡಿನ ಕಾವ್ಯದಲ್ಲಿ, ವೀರನು ಹಿಂದೆ ಬಿಟ್ಟುಹೋಗಿದ್ದ ಹೆಂಗಸು ಕೆಳಗಿನ ಲೋಕದಲ್ಲಿ ಎದುರಾಗುತ್ತಾಳೆ. ಅವನು ಅತ್ತು ಮಾತಾಡಿಸುತ್ತಾನೆ. ಅವಳು ಮುಖ ತಿರುಗಿಸಿ ಹೊರಟುಹೋಗುತ್ತಾಳೆ. ಒಂದು ಮಾತೂ ಆಡಲಿಲ್ಲವೇ ಎಂದು ವಿದ್ಯಾರ್ಥಿಗಳು ಪ್ರತಿ ವರ್ಷ ಕೇಳುತ್ತಾರೆ. ಆಡಲಿಲ್ಲ ಎನ್ನುತ್ತೇನೆ.

ನಮ್ಮ ಕಡೆಯ ಕಾವ್ಯದಲ್ಲಿ, ತನ್ನವರು ನರಕದಲ್ಲಿದ್ದಾರೆಂದು ತಿಳಿದು ಸ್ವರ್ಗ ಬೇಡವೆಂದು ಅಲ್ಲೇ ನಿಂತ ಅರಸನೂ ಇದ್ದಾನೆ. ಅವನ ಪಾಠ ಹೇಳುವಾಗ ನನಗೆ ನಮ್ಮ ಮನೆ ನೆನಪಾಗುವುದಿಲ್ಲ. ಕತ್ತಿ ಹಿಡಿದು ತಡೆದವನ ಪಾಠ ಹೇಳುವಾಗ ನೆನಪಾಗುತ್ತದೆ.

ನಮ್ಮ ಮನೆ ಯಳಂದೂರಿನ ಹತ್ತಿರದ ಹಳ್ಳಿಯಲ್ಲಿದೆ. ಮಹಾಲಯ ಅಮಾವಾಸ್ಯೆಯ ದಿನ ನಡುಮನೆಯಲ್ಲಿ ಸತ್ತ ಹಿರಿಯರಿಗೆ ಎಡೆ ಇಡುತ್ತೇವೆ. ಒಬ್ಬೊಬ್ಬರಿಗೆ ಒಂದೊಂದು ಬಾಳೆಲೆ. ಮಾಡಿದ ಅಡುಗೆಯ ಜೊತೆಗೆ ಅವರವರಿಗೆ ಇಷ್ಟವಾದದ್ದು ಏನಾದರೂ ಆ ಎಲೆಯ ಮೇಲೆ ಇರಲೇಬೇಕು. ತಾತನಿಗೆ ಬೀಡಿ, ಅಜ್ಜಿಗೆ ಹೊಗೆಸೊಪ್ಪು, ಅಪ್ಪನಿಗೆ ಖಾರಬೂಂದಿ. ಆಮೇಲೆ ಎಲ್ಲರೂ ಹೊರಗೆ ಬಂದು ಬಾಗಿಲು ಮುಚ್ಚುತ್ತೇವೆ. ಸತ್ತವರು ಬಂದು ಉಣ್ಣಲು ಸ್ವಲ್ಪ ಹೊತ್ತು ಬಿಟ್ಟು, ಮನೆಯ ಹಿರಿಯರು ಬಾಗಿಲು ತಟ್ಟಿ ತೆರೆಯುತ್ತಾರೆ. ತಟ್ಟದೆ ತೆರೆದರೆ ಉಣ್ಣುತ್ತಿರುವವರು ಅರ್ಧಕ್ಕೇ ಎದ್ದುಬಿಡುತ್ತಾರಂತೆ. ನಮ್ಮಲ್ಲಿ ತಟ್ಟುವವರು ದೊಡ್ಡಪ್ಪ. ಯಾರಿಗೆ ಎಲೆ, ಯಾರಿಗಿಲ್ಲ ಎಂದು ತೀರ್ಮಾನಿಸುವವರೂ ಅವರೇ.

ಅತ್ತೆಗೆ ಎಲೆ ಇರಲಿಲ್ಲ. ಅತ್ತೆ ಎಂದರೆ ದೊಡ್ಡಪ್ಪನ ತಂಗಿ, ಅಪ್ಪನ ಅಕ್ಕ. ನಾನು ಹುಟ್ಟುವ ಮೊದಲೇ ಅವರು ಗಂಡನ ಮನೆ ಬಿಟ್ಟು ತವರಿಗೆ ಬಂದಿದ್ದರು. ದೊಡ್ಡಪ್ಪ ಹೊಸಿಲು ದಾಟಲು ಬಿಡಲಿಲ್ಲ. ಅವರು ಕಾಡಿನಾಚೆಯ ಗೋಪಿನಾಥಂ ಸೇರಿ, ಅಲ್ಲಿನ ಅಂಗನವಾಡಿಯಲ್ಲಿ ಅಡುಗೆ ಮಾಡಿಕೊಂಡು ಬದುಕಿದರು. ಅಪ್ಪ ಆಸ್ಪತ್ರೆಯಲ್ಲಿ ಕೊನೆಯ ದಿನಗಳಲ್ಲಿದ್ದಾಗ, ಬಾಗಿಲಲ್ಲಿ ಯಾರ ನೆರಳು ಕಂಡರೂ "ಅಕ್ಕ ಬಂದ್ಲಾ?" ಎಂದು ಕೇಳುತ್ತಿದ್ದರು. ಹೇಳಿ ಕಳಿಸಿದ್ದೇನೆ ಎಂದು ದೊಡ್ಡಪ್ಪ ನಮಗೆಲ್ಲ ಹೇಳಿದ್ದರು. ಕಳಿಸಿರಲಿಲ್ಲ. ಅದು ತಿಳಿಯುವ ಹೊತ್ತಿಗೆ ಅಪ್ಪ ಹೋಗಿದ್ದರು. ಮರುವರ್ಷ ಅತ್ತೆಯೂ ಹೋದರು.

ಆ ಸಲ ಅಮಾವಾಸ್ಯೆಗೆ ಮುಂಚೆ, ಅಪ್ಪನ ಪಕ್ಕದಲ್ಲಿ ಅತ್ತೆಗೂ ಒಂದು ಎಲೆ ಹಾಕಬೇಕು ಎಂದು ನಾನು ದೊಡ್ಡಪ್ಪನನ್ನು ಕೇಳಿದೆ. ಕೊಟ್ಟ ಹೆಣ್ಣಿಗೆ ಗಂಡನ ಮನೆಯವರು ಇಡಬೇಕು ಎಂದರು. ಅವರು ಇಡುವುದಿಲ್ಲ ಎಂದು ದೊಡ್ಡಪ್ಪನಿಗೂ ಗೊತ್ತಿತ್ತು. ಹಾಗಾದರೆ ಅತ್ತೆಗೆ ಎಲ್ಲೂ ಎಲೆ ಇಲ್ಲವೇ ಎಂದೆ. ದೊಡ್ಡಮ್ಮ ತಲೆ ಎತ್ತದೆ ಅಕ್ಕಿ ಆರಿಸುತ್ತಿದ್ದರು. ಅವ್ವ ಕಣ್ಣಿನಲ್ಲೇ ಸಾಕು ಎಂದರು. ದೊಡ್ಡಪ್ಪ ನಕ್ಕರು.

"ಆಯ್ತು, ಇಡು ಕಣವ್ವ. ಓದಿರೋಳು, ನಿನ್ ಮಾತ್ನ ಯಾಕ್ ತಗದಾಕ್ಲಿ. ಅವ್ಳಿಗೇನಿಷ್ಟ ಏಳು, ತರುಸ್ತೀನಿ."

ನನಗೆ ಗೊತ್ತಿರಲಿಲ್ಲ. ಅವ್ವನ ಮುಖ ನೋಡಿದೆ. ಅವ್ವನಿಗೂ ಗೊತ್ತಿರಲಿಲ್ಲ.

"ಗೊತ್ತಿಲ್ಲ, ಅಲ್ವಾ? ಮತ್ಯಾರ್ಗವ್ವ ಎಲೆ? ಬೀದೀಲಿ ಓಗೋರ್ಗಾ?"

ಭಾನುವಾರ ಗೋಪಿನಾಥಂಗೆ ಹೋಗಲು ಕೊಳ್ಳೇಗಾಲದಲ್ಲಿ ಬಸ್ಸು ಹತ್ತಿದೆ.

ಹನೂರು ದಾಟಿ, ಅಜ್ಜೀಪುರ ದಾಟಿ, ಬೆಟ್ಟ ಹತ್ತಿ, ಬಸ್ಸು ಬದಲಿಸಿ, ಆಚೆ ಬದಿಯ ತಿರುವುಗಳಲ್ಲಿ ಪಾಲಾರಿನ ಕಡೆಗೆ ಇಳಿಯಬೇಕು. ಕೆಳಗಿಳಿದಂತೆ ಸೆಕೆ ಹೆಚ್ಚಿತು, ಫೋನು ಸತ್ತಿತು. ಮಧ್ಯಯುಗದ ಕಾವ್ಯವೊಂದರಲ್ಲಿ ನರಕಕ್ಕೆ ಇಳಿಯುವವನಿಗೆ ಸತ್ತ ಕವಿಯೊಬ್ಬ ಜೊತೆಗಿದ್ದು ದಾರಿ ತೋರಿಸುತ್ತಾನೆ. ನನಗೆ ಕಂಡಕ್ಟರ್ ಇದ್ದರು. ವಾಪಸು ಹೋಗುವ ಬಸ್ಸು ತಪ್ಪಿಸಿಕೊಂಡರೆ ನಾಳೆಯೇ ಗತಿ ಎಂದಷ್ಟೇ ಹೇಳಿ, ಮುಂದಿನ ಸೀಟಿಗೆ ಹೋಗಿ ನಿದ್ದೆ ಮಾಡಿದರು.

ಅತ್ತೆಯ ಮನೆಗೆ ಬೀಗ ಹಾಕಿತ್ತು. ಪಕ್ಕದ ಮನೆಯ ಹೆಂಗಸು ಜಗಲಿಯಲ್ಲಿ ಕುಳಿತು ಹೊಳೆಮೀನು ಉಜ್ಜುತ್ತಿದ್ದರು. ಅತ್ತೆಯ ಕೊನೆಯ ದಿನಗಳಲ್ಲಿ ನೋಡಿಕೊಂಡವರು ಅವರೇ ಎಂದು ಬಸ್ಸು ನಿಲ್ಲುವಲ್ಲಿನ ಅಂಗಡಿಯವರು ಹೇಳಿದ್ದರು. ನಾನು ಯಾರೆಂದು ಹೇಳಿದೆ. ಅವರು ಕೂರು ಎನ್ನಲಿಲ್ಲ. ಎಡೆಯ ವಿಷಯ ಹೇಳಿ, ಅತ್ತೆಗೆ ಏನು ಇಷ್ಟವಾಗುತ್ತಿತ್ತು ಎಂದು ಕೇಳಿದೆ. ಮೀನಿನ ಮೇಲಿನ ಕೈ ನಿಂತಿತು.

"ಇದ್ದಾಗ ಒಂದ್ ತುತ್ತು ಇಕ್ನಿಲ್ಲ. ಈಗ ಎಲೆ ಆಕ್ತೀರಾ ಅಮ್ಮಣಿ?"

ನಾನು ಅಪ್ಪನ ವಿಷಯ ಹೇಳಲು ಹೊರಟೆ. ಅವರಿಗೆ ಅದು ಬೇಕಿರಲಿಲ್ಲ. ಪಕ್ಷದ ಎಡೆ ಮೊನ್ನೆ ನಾನೇ ಇಟ್ಟೆ, ಮುಂದೆಯೂ ನಾನೇ ಇಡುತ್ತೇನೆ, ಮೀನಿನ ಕೊಳಂಬು ಮಾಡಿ ಇಡುತ್ತೇನೆ, ನಿಮ್ಮ ಮನೆಯ ಎಲೆಗೆ ಅಕ್ಕ ಬರುವುದಿಲ್ಲ, ಬರಲು ಹೊರಟರೂ ನಾನು ಬಿಡುವುದಿಲ್ಲ ಎಂದರು. ಮೀನನ್ನು ಬಿಟ್ಟು ಎದ್ದು ನಿಂತಿದ್ದರು. ಕೈಯಲ್ಲಿ ಚಾಕು ಇತ್ತು. ಅದು ಕೈಯಲ್ಲಿದೆ ಎಂಬುದನ್ನು ಅವರು ಮರೆತಂತಿತ್ತು.

"ನಿಮ್ ಊರ್ ತುಂಬ ಕಬ್ಬು. ಟ್ರ್ಯಾಕ್ಟರ್ ಟ್ರ್ಯಾಕ್ಟರ್ ಫ್ಯಾಕ್ಟ್ರಿಗೆ ಒಯ್ತೀರಂತೆ. ಅನೂರ್ ಸಂತೆಗೆ ಯಾರೋದ್ರೂ ಅಕ್ಕ ಒಂದೇ ಕೇಳೋದು, ಒಂದ್ ಜಲ್ಲೆ ಕಬ್ಬು ತಕ್ಕಬನ್ನಿ ಅಂತ. ಅಲ್ಲಾಡೋ ಹಲ್ಲಲ್ಲೂ ಜಗ್ಯೋಳು. ನಿಮ್ಗೆ ಒಂದ್ ಜಲ್ಲೆ ತರಕಾಗ್ನಿಲ್ವಾ?"

ಹೇಳಿದ ಮೇಲೆ, ನಾನು ಕೇಳಲು ಬಂದದ್ದನ್ನೇ ತಾವು ಹೇಳಿಬಿಟ್ಟದ್ದು ಅವರಿಗೆ ಹೊಳೆಯಿತು. ಮುಖ ತಿರುಗಿಸಿಕೊಂಡು ಒಳಗೆ ಹೋದರು. ಒಳಗೋಡೆಯ ಮೇಲೆ ಅತ್ತೆಯ ಫೋಟೋ ಕಂಡಿತು. ಅದರ ಕೆಳಗೆ ಒಣಗಿದ ಬಾಳೆಲೆ, ಅದರ ಮೇಲೆ ಸಿಪ್ಪೆ ತೆಗೆದ ಕಬ್ಬಿನ ತುಂಡುಗಳು, ಇರುವೆ. ಬಾಗಿಲು ಮುಚ್ಚಿತು. ಬಸ್ಸು ಬರುವವರೆಗೆ ನಾನು ಬಿಸಿಲಲ್ಲೇ ನಿಂತಿದ್ದೆ.

ಮನೆಗೆ ಬಂದಾಗ ದೊಡ್ಡಪ್ಪ ಜಗಲಿಯ ಮೇಲಿದ್ದರು. ಏನಂತೆ ಎಂದು ಕೇಳಿದ ದನಿಯಲ್ಲಿ ನಗು ಇತ್ತು.

"ನಮ್ಮನೇಲಿ ಉಣ್ಣಕೆ ಬರಲ್ವಂತೆ," ಎಂದೆ.

ಅವರು ಬೈಯುತ್ತಾರೆ ಎಂದುಕೊಂಡಿದ್ದೆ. ಬೈಯಲಿಲ್ಲ. ಅಂಥ ಉತ್ತರ ಇರಬಹುದೆಂದು ಅವರು ಎಣಿಸಿರಲೇ ಇಲ್ಲ. ಇಷ್ಟು ವರ್ಷವೂ ಬೇಡ ಎನ್ನುವ ಮಾತು ಅವರೊಬ್ಬರ ಬಳಿ ಮಾತ್ರ ಇತ್ತು. ಎರಡು ದಿನ ಕಳೆಯಿತು. ಅಮಾವಾಸ್ಯೆಯ ಬೆಳಿಗ್ಗೆ ತಾವೇ ಇನ್ನೊಂದು ಬಾಳೆಲೆ ಕೊಯ್ದು ತಂದು ಅಪ್ಪನ ಎಲೆಯ ಪಕ್ಕದಲ್ಲಿ ಹಾಸಿದರು. ಮುದ್ದೆ, ಬಾಡಿನ ಸಾರು, ವಡೆ, ಪಾಯಸ ಎಲ್ಲ ಬಡಿಸಲು ಹೇಳಿದರು. ಆಮೇಲೆ ನನ್ನ ಕಡೆ ನೋಡಿದರು.

"ಏನ್ ಇಷ್ಟ ಅಂತ ಏಳುದ್ರಾ ಅಲ್ಲಿ?"

"ಒಂದೇ ಮನೇಲಿ ಬೆಳೆದೋರು ನೀವು," ಎಂದೆ.

ಅವರು ಬಹಳ ಹೊತ್ತು ಯೋಚಿಸಿದರು. ನಿಜವಾಗಿಯೂ ಯೋಚಿಸುತ್ತಿದ್ದರು, ಅದು ಹಣೆಯಲ್ಲಿ ಕಾಣುತ್ತಿತ್ತು. ಕೊನೆಗೆ ಅಂಗಡಿಯಿಂದ ಜಿಲೇಬಿ ತರಿಸಿದರು. ಬಾಳೆಹಣ್ಣು ಇಟ್ಟರು, ಎಲೆಅಡಿಕೆ ಇಟ್ಟರು, ಅಜ್ಜಿಯ ಹೊಗೆಸೊಪ್ಪಿನಲ್ಲೇ ಒಂದು ಚೂರು ಮುರಿದು ಇಟ್ಟರು. ಎಲೆ ತುಂಬಿ ಹೊರಗೆ ಚೆಲ್ಲಿತು. ಕಿಟಕಿಯಾಚೆ ನಮ್ಮ ಗದ್ದೆಯಲ್ಲಿ ಕಬ್ಬು ಆಳೆತ್ತರ ನಿಂತಿತ್ತು. ನಾನು ಹೇಳಲಿಲ್ಲ.

ಬಾಗಿಲು ಮುಚ್ಚುವ ಮುನ್ನ ಹೊರಗೆ ಹೋಗಿ ಒಂದು ಜಲ್ಲೆ ಮುರಿದು, ಸಿಪ್ಪೆ ತೆಗೆದು, ತುಂಡು ಮಾಡಿ ತಂದು ಅಪ್ಪನ ಎಲೆಯ ಅಂಚಿನಲ್ಲಿ, ಅತ್ತೆಯ ಎಲೆಗೆ ತಾಗುವಂತೆ ಇಟ್ಟೆ.

"ಸಕ್ಕರೆ ಕಾಯಿಲೆ ಇದ್ದೋನ್ಗೆ ಯಾಕವ್ವ ಕಬ್ಬು?" ಎಂದರು ದೊಡ್ಡಪ್ಪ.

"ಅಪ್ಪ ತಿನ್ನಲ್ಲ," ಎಂದೆ.

ಅವರಿಗೆ ಅರ್ಥವಾಯಿತೋ ಇಲ್ಲವೋ ತಿಳಿಯದು. ಎಲ್ಲರೂ ಹೊರಗೆ ಬಂದೆವು. ಹೊತ್ತು ಕಳೆಯಿತು. ಅವ್ವ ಎರಡು ಸಲ ಕೆಮ್ಮಿದರು. ದೊಡ್ಡಪ್ಪ ತಟ್ಟಲು ಕೈ ಎತ್ತಿ, ಇಳಿಸಿ, ನನ್ನ ಕಡೆ ತಿರುಗಿದರು.

"ನೀನೇ ತಟ್ಟವ್ವ."

ನಮ್ಮ ಮನೆಯಲ್ಲಿ ಹೆಣ್ಣುಮಕ್ಕಳು ತಟ್ಟಿದ್ದಿಲ್ಲ. ಅವರು ನನಗೆ ಮರ್ಯಾದೆ ಕೊಡುತ್ತಿರಲಿಲ್ಲ; ಒಳಗೆ ಒಬ್ಬಳು ಮುಖ ತಿರುಗಿಸಿ ಹೋಗಿರಬಹುದು ಎಂದು ಹೆದರಿದ್ದರು.

"ನೀವು ಮುಚ್ಚಿದ ಬಾಗಿಲು, ದೊಡ್ಡಪ್ಪ. ನೀವೇ ತಟ್ಟಿ," ಎಂದೆ.

ಅವರು ತಟ್ಟಿದರು, ಯಾರದೋ ಮನೆಯ ಬಾಗಿಲು ತಟ್ಟುವವರ ಹಾಗೆ ಮೆಲ್ಲಗೆ, ಆಮೇಲೆ ಇನ್ನೊಮ್ಮೆ.